ಹಲ್ಲಿನ ಡಾಕ್ಟರರ ಜಪಾನಿ ಚಿತ್ರಗಳು

ಚಿತ್ರಗಳನ್ನು ಮುಟ್ಟುವ ಮೊದಲು ಡಾಕ್ಟರ್ ಮುಕುಂದರಾಯರು ಕೈ ತೊಳೆದುಕೊಳ್ಳುತ್ತಿದ್ದ ರೀತಿಯನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದಿಗಳನ್ನು ತಿಕ್ಕಿ, ಉಗುರಿನ ಬುಡಕ್ಕೆ ಮೆತ್ತನೆಯ ಬ್ರಶ್ ಆಡಿಸಿ, ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗಾಳಿಗೆ ಆರಿಸಿಕೊಳ್ಳುತ್ತಿದ್ದರು. ಟಾವೆಲ್ ಮುಟ್ಟುತ್ತಿರಲಿಲ್ಲ, ಅದರ ಜುಂಗು ಕಾಗದಕ್ಕೆ ಅಂಟುತ್ತದೆ ಎನ್ನುವರು. ಅದೇ ಮನುಷ್ಯ ಹುಬ್ಬಳ್ಳಿಯ ತಮ್ಮ ದವಾಖಾನೆಯಲ್ಲಿ ಒಬ್ಬರ ಬಾಯಿಂದ ತೆಗೆದ ಕೈಯನ್ನು ನಲ್ಲಿಯ ಕೆಳಗೆ ಹಿಡಿದಂತೆ ಮಾಡಿ, ಪ್ಯಾಂಟಿಗೆ ಒರೆಸಿ, ಮತ್ತೊಬ್ಬರ ಬಾಯಿಗೆ ಹಾಕುತ್ತಿದ್ದರು. ಗ್ಲೌಸ್ ಹಾಕಿಕೊಂಡರೆ ಹಲ್ಲು ಅಲುಗುವುದು ಬೆರಳಿಗೆ ತಿಳಿಯುವುದಿಲ್ಲ ಎಂದು ಅವರ ವಾದ. ನನ್ನ ಬಾಯಿಗೂ ಆ ಬೆರಳುಗಳು ಬಂದಿದ್ದವು.

ನಾನು ನವನಗರದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ದವಡೆ ಹಲ್ಲು ನೋಯುತ್ತಿದೆಯೆಂದು ಅವರಲ್ಲಿಗೆ ಹೋದಾಗ ಅವರು ಮೊದಲು ನೋಡಿದ್ದು ನನ್ನ ಹಲ್ಲನ್ನಲ್ಲ, ಉಗುರಿನಲ್ಲಿ ಉಳಿದಿದ್ದ ಬಣ್ಣವನ್ನು.

“ಇದು ಯಾವ ನೀಲಿರಿ, ಅಕ್ಕಾವ್ರ? ಜಪಾನದವ್ರು ನೀಲಿ ಹೆಂಗ ಬಳಸ್ತಿದ್ರು ನೋಡೀರೇನು?”

ಬಾಯಿ ತೆರೆದುಕೊಂಡಿದ್ದ ನಾನು ತಲೆ ಅಲ್ಲಾಡಿಸಿದೆ.

“ಹಂಗಾರ ನೀವು ನೀಲೀನ ನೋಡಿಲ್ಲ. ಐತವಾರ ಧಾರವಾಡಕ್ಕ ಮನೀಗೆ ಬರ್ರಿ.”

ಹೋದೆ. ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಹಳೆಯ ಜಪಾನಿ ಚಿತ್ರಗಳು ಅವರ ಬಳಿ ರಾಶಿಯಿದ್ದವು. ಸೇತುವೆಯ ಮೇಲೆ ಓರೆಯಾಗಿ ಬೀಳುವ ಮಳೆ, ಕಣ್ಣು ಮೇಲೆ ಕೆಳಗೆ ಮಾಡಿ ಸಿಟ್ಟು ತೋರಿಸುವ ನಾಟಕದವನು, ಕನ್ನಡಿಯ ಮುಂದೆ ಕತ್ತು ಬಾಗಿಸಿದ ಹೆಣ್ಣು. ಮುಂಬೈಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಕೆಲವನ್ನು ಕೊಂಡಿದ್ದರು, ಈಚೆಗೆ ಮೊಬೈಲಿನ ಹರಾಜಿನಲ್ಲಿ ಕೆಲವನ್ನು ಹಿಡಿದಿದ್ದರು. ಅವರು ಕಲಿಸಿದ್ದನ್ನು ಇಲ್ಲವೆಂದರೆ ಸುಳ್ಳಾಗುತ್ತದೆ. ಒಬ್ಬ ಚಿತ್ರ ಬರೆದರೆ ಇನ್ನೊಬ್ಬ ಅದನ್ನು ಚೆರ್ರಿ ಮರದ ಹಲಗೆಯಲ್ಲಿ ಕೆತ್ತುತ್ತಿದ್ದ, ಮತ್ತೊಬ್ಬ ಬಣ್ಣ ಹಚ್ಚಿ ಒತ್ತುತ್ತಿದ್ದ, ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಇದನ್ನೆಲ್ಲ ಪುಸ್ತಕ ಓದಿದರೂ ತಿಳಿದೀತು. ಆದರೆ ಚಿತ್ರವನ್ನು ತಿರುಗಿಸಿ ಹಿಂಬದಿ ನೋಡಬೇಕೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

“ಮುಂದ ಎಲ್ಲಾರೂ ನೋಡ್ತಾರ. ಹಿಂದ ನೋಡ್ರಿ. ಒತ್ತಿದವನ ಕೈ ಹಿಂದ ಅದ.”

ನಿಜ. ಹಿಂದೆ ಗೋಲಗೋಲವಾಗಿ ತಿಕ್ಕಿದ ಗುರುತಿತ್ತು. ಮಂಜಿನ ಚಿತ್ರವೊಂದಕ್ಕೆ ಟಾರ್ಚನ್ನು ಅಡ್ಡಲಾಗಿ ಹಿಡಿದು ತೋರಿಸಿದರು. ಮಂಜಿಗೆ ಬಣ್ಣವನ್ನೇ ಹಾಕಿರಲಿಲ್ಲ, ಬರಿಯ ಹಲಗೆ ಒತ್ತಿ ಕಾಗದವನ್ನು ಉಬ್ಬಿಸಿದ್ದರು. ಆ ದಿನ ಬಸ್ಸಿನಲ್ಲಿ ಮನೆಗೆ ಮರಳುವಾಗ ಕಂಡದ್ದೆಲ್ಲ ಹೊಸದಾಗಿತ್ತು. ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ನನಗೆ ಚಿತ್ರ ನೋಡುವುದನ್ನು ಕಲಿಸಿದವರು ಅವರೇ. ಇಂಥ ಒಳ್ಳೆಯದು ಇಂಥ ಮನುಷ್ಯನಿಂದ ಬಂತಲ್ಲ ಎಂಬುದೇ ನನ್ನ ಸಂಕಟ.

ಚಿತ್ರಗಳ ಕೋಣೆ ಆ ಮನೆಯಲ್ಲೇ ಒಳ್ಳೆಯ ಕೋಣೆ. ಮೂಡಣ ದಿಕ್ಕಿಗಿತ್ತು, ಗೋಡೆ ಒಣಗಿತ್ತು, ಗಾಳಿಯ ತೇವ ಹೀರುವ ಯಂತ್ರ ಹಗಲಿರುಳು ಗುಂಯ್ ಎನ್ನುತ್ತಿತ್ತು. ಸುಕ್ಕುಗಟ್ಟಿದ ಕಾಗದವನ್ನು ಮೇಜಿನ ಮೇಲೆ ಹರಡಿ ಮೂಲೆಗಳಿಗೆ ಭಾರ ಇಡುತ್ತಿದ್ದರು. ಆ ಭಾರಗಳು ಏನೆಂದು ನನಗೆ ಮೊದಲ ದಿನ ತಿಳಿಯಲಿಲ್ಲ. ಬಿಳಿಯ ಸುಣ್ಣದ ಗಡ್ಡೆಯಂಥವು. ಒಂದನ್ನು ಕೈಗೆತ್ತಿಕೊಂಡರೆ ಅದು ಒಬ್ಬ ಮನುಷ್ಯನ ಕೆಳದವಡೆ! ಹಲ್ಲಿನ ಸೆಟ್ಟು ಮಾಡಲು ರೋಗಿಗಳ ಬಾಯಿಯಿಂದ ತೆಗೆದ ಪ್ಲಾಸ್ಟರಿನ ಅಚ್ಚುಗಳು. ಕೆಲಸ ಮುಗಿದ ಮೇಲೆ ರಾಯರು ಅವುಗಳನ್ನು ಮನೆಗೆ ತರುತ್ತಿದ್ದರು. ಒಂದೊಂದರ ತಳದಲ್ಲೂ ಪೆನ್ಸಿಲಿನಲ್ಲಿ ಹೆಸರು. ಸೊಟ್ಟ ಹಲ್ಲು, ಬಿದ್ದ ಹಲ್ಲಿನ ತಗ್ಗು, ಬರೀ ವಸಡು.

ನಾನು ಅದನ್ನು ಥಟ್ಟನೆ ಕೆಳಗಿಟ್ಟೆ. ರಾಯರು ನಕ್ಕರು. “ಹಲ್ಲಿಂದೂ ಅಚ್ಚ, ಚಿತ್ರದ್ದೂ ಅಚ್ಚ. ಎರಡೂ ನನ್ನ ಉದ್ಯೋಗನ ಅಲ್ಲೇನ್ರಿ?”

ಅವರ ಹೆಂಡತಿ ನಳಿನಿ ವೈನಿಗೆ ಉಬ್ಬಸವಿತ್ತು. ಅವರ ಮಂಚ ಇದ್ದದ್ದು ಬಚ್ಚಲಿಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ. ಅಲ್ಲಿಯ ಗೋಡೆ ಮಳೆಗಾಲದಲ್ಲಿ ಬೆವರಿ, ಹಸಿರು ಬೂಸು ಹಿಡಿದು, ಹತ್ತಿರ ಹೋದರೆ ಒದ್ದೆ ನಾಯಿಯ ನಾತ ಬರುತ್ತಿತ್ತು. ವೈನಿ ಚಹಾ ತಂದು ಚಿತ್ರಗಳ ಕೋಣೆಯ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಒಳಗೆ ಬರಲು ಅವರಿಗೆ ಅಪ್ಪಣೆಯಿರಲಿಲ್ಲ. ಕೆಮ್ಮಿದರೆ ತುಂತುರು ಹಾರುತ್ತದೆಯಂತೆ. ನಾನು ಒಮ್ಮೆ ತಡೆಯಲಾರದೆ, “ಸರ್, ವೈನಿಯವರ ಮಂಚ ಈ ಕೋಣ್ಯಾಗ ಹಾಕಿದ್ರ ಛಲೋ ಆಗ್ತಿತ್ತಲ್ರಿ” ಎಂದೆ.

ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. “ಮನುಷ್ಯಾರಿಗೆ ಔಷಧ ಸಿಗ್ತದ ಅಕ್ಕಾವ್ರ. ಕಾಗದಕ್ಕ ಸಿಗೂದಿಲ್ಲ.”

ಹೊಸ್ತಿಲಲ್ಲಿದ್ದ ವೈನಿಗೆ ಅದು ಕೇಳಿಸಿತು. ಅವರು ನನ್ನನ್ನು ನೋಡಿ, ಸುಮ್ಮನಿರು ಎನ್ನುವಂತೆ ಕಣ್ಣು ಮಾಡಿ ಒಳಗೆ ಹೋದರು.

ಹಿಂದೊಂದು ಕಾಲದಲ್ಲಿ ಹುಬ್ಬಳ್ಳಿಯ ಹತ್ತಿ ಕೊಳ್ಳಲು ಜಪಾನಿನ ವ್ಯಾಪಾರಿಗಳು ಬರುತ್ತಿದ್ದರು, ಅವರು ಇಲ್ಲಿಯ ದಲಾಲರಿಗೆ ಚಿತ್ರಗಳನ್ನು ಕಾಣಿಕೆ ಕೊಟ್ಟಿರಲೇಬೇಕು ಎಂಬುದು ರಾಯರ ಗಟ್ಟಿ ನಂಬಿಕೆ. ಹಾಗಾಗಿ ಕುರ್ಚಿಯಲ್ಲಿ ಕೂತ ಪ್ರತಿ ವಯಸ್ಸಾದವರನ್ನೂ ಕೇಳುತ್ತಿದ್ದರು: “ನಿಮ್ಮ ಮನೀ ಹಿರಿಯಾರು ಹತ್ತಿ ವ್ಯಾಪಾರ ಮಾಡ್ತಿದ್ರೇನು? ಮನ್ಯಾಗ ಹಳೇ ಚಿತ್ರ ಅವ ಏನು?” ಅದೂ ಬಾಯಲ್ಲಿ ಅರಳೆ ತುರುಕಿದ ಮೇಲೆ ಕೇಳುವರು. ಎಷ್ಟೋ ಜನ ಊಂ ಊಂ ಎಂದು ಕೈ ಆಡಿಸಿ ಪಾರಾಗುತ್ತಿದ್ದರು. ಹಳೇ ಹುಬ್ಬಳ್ಳಿಯ ಶಾಂತವ್ವ ಮಾತ್ರ ಅರಳೆ ಉಗುಳಿ, “ಹೂಂರಿ, ನಮ್ಮಪ್ಪಂದು ಹತ್ತಿ ದಲಾಲಿ ಅಂಗಡಿ ಇತ್ತು. ಜಪಾನದಾಂವ ಕೊಟ್ಟ ಚಿತ್ರದ ಪುಸ್ತಕ ನನ್ನ ಕಡೆ ಐತಿ” ಎಂದುಬಿಟ್ಟಳು.

ರಾಯರು ಆ ವಾರವೇ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಮೊಬೈಲಿನಲ್ಲಿ ನಾನು ಫೋಟೋ ತೆಗೆಯಬೇಕಿತ್ತು. ದಲಾಲಿ ಅಂಗಡಿ ಮುಳುಗಿ ಎಷ್ಟೋ ಕಾಲವಾಗಿತ್ತು. ಶಾಂತವ್ವ ಈಗ ಮೂರು ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಒಲೆಯ ಮನೆಯ ಗೋಡೆಯ ಮಾಡದಿಂದ ಅವಳು ಇಳಿಸಿದ್ದು ಕೈಬೀಸಣಿಗೆಯಂತೆ ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುವ ಒಂದು ಉದ್ದ ಪುಸ್ತಕ. ಹನ್ನೆರಡು ಚಿತ್ರ. ಎಲ್ಲರಿಗೂ ಅವಳು ಹೆಸರಿಟ್ಟಿದ್ದಳು.

“ಇಕಿ ತಲಿ ಎರಕೊಂಡ ಮಲ್ಲವ್ವ. ಇಂವ ಸಿಟ್ಟಿನ ಬಸಪ್ಪ. ಇಕಿ ನೋಡ್ರಿ, ಛತ್ತರಗಿ ಹಿಡಕೊಂಡು ಗಂಡನ ಹಾದಿ ಕಾಯಾಕತ್ತಾಳ. ಅಂವ ಬರಾಂಗಿಲ್ಲ ಬಿಡ್ರಿ, ನಾ ಸಣ್ಣಾಕಿ ಇದ್ದಾಗಿಂದ ನೋಡಾಕತ್ತೇನಿ.” ಹೇಳುತ್ತಲೇ ಹಿಟ್ಟು ಮೆತ್ತಿದ ಹೆಬ್ಬೆರಳಿಂದ ಪುಟ ಮಡಚಿದಳು.

ರಾಯರ ಮುಖ ನೋಡುವಂತಿರಲಿಲ್ಲ. ಬಾಯಿ ಅರ್ಧ ತೆರೆದು ಕೆಳತುಟಿಯ ಮೇಲೆ ಜೊಲ್ಲು ಹೊಳೆಯುತ್ತಿತ್ತು. “ಅವ್ವಾ, ಕೊಡ್ತೀರೇನು?” ಎಂದರು. “ಇದನ್ನ ಕೊಟ್ರ ನಮ್ಮಪ್ಪನ್ನ ಕೊಟ್ಟಂಗರಿ” ಎಂದು ಅವಳು ನಕ್ಕು ಪುಸ್ತಕವನ್ನು ಮಾಡಕ್ಕೆ ಸೇರಿಸಿದಳು.

ಆಮೇಲೆ ರಾಯರು ಬಹಳ ಒಳ್ಳೆಯವರಾದರು. ಅವಳ ಹಲ್ಲುಗಳೆಲ್ಲ ಅಲುಗುತ್ತಿವೆ, ತೆಗೆದು ಹೊಸ ಸೆಟ್ಟು ಹಾಕುತ್ತೇನೆ, ನನ್ನ ತಾಯಿಯಿದ್ದಂತೆ, ಫೀ ಬೇಡ ಎಂದರು. ಗಣೇಶನ ಹಬ್ಬ ಮುಗಿದ ಮೇಲೆ ಹಲ್ಲು ಕೀಳುವುದು ಮುಗಿಯಿತು. ನನಗೆ ರೊಟ್ಟಿಗೆಂದು ಅವಳ ಮನೆಗೆ ಹೋಗುವ ರೂಢಿಯಾಗಿತ್ತು. ದೀಪಾವಳಿಯಲ್ಲಿ ಕೇಳಿದೆ, ಸೆಟ್ಟು ಬಂದಿರಲಿಲ್ಲ. ಅಚ್ಚು ಸರಿಯಾಗಿ ಮೂಡಿಲ್ಲವಂತೆ. ಸಂಕ್ರಾಂತಿಯಲ್ಲಿ ಕೇಳಿದೆ, ಸಾಮಾನು ಹೊರಗಿನಿಂದ ಬರಬೇಕಂತೆ. ಶಾಂತವ್ವನ ಗಲ್ಲ ಒಳಗೆ ಸೇರಿ, ಮೂಗು ಗದ್ದಕ್ಕೆ ತಾಗುವಂತಾಗಿತ್ತು. ದಿನವೂ ಅಂಬಲಿ, ಮೆತ್ತನೆ ಅನ್ನ. ಮಾತಾಡುವಾಗ ಉಗುಳು ಸಿಡಿಯುತ್ತದೆಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಗಿರಾಕಿಗಳ ಮುಂದೆ ಬರುವುದನ್ನೇ ಬಿಟ್ಟಳು. “ನನ್ನ ಮಾತು ನನಗ ತಿಳಿವಲ್ದು ನೋಡು, ಸುಜಾತಾ” ಎಂದಳು. ನಾನು ರಾಯರನ್ನು ಕೇಳಿದರೆ, “ಮಾಡ್ಲಿಕತ್ತೀನಿ, ಮಾಡ್ಲಿಕತ್ತೀನಿ” ಎನ್ನುವರು.

ಯುಗಾದಿಗೆ ಸ್ವಲ್ಪ ಮೊದಲು ರಾಯರು ಫೋನು ಮಾಡಿದರು. “ಬರ್ರಿ ಅಕ್ಕಾವ್ರ, ಲಗೂ ಬರ್ರಿ. ಬಂತು.”

ಹೋದರೆ ಮೇಜಿನ ಮೇಲೆ ಶಾಂತವ್ವನ ಪುಸ್ತಕವಿತ್ತು.

“ಆಕಿ ತಾನಾಗೇ ಕೊಟ್ಲು” ಎಂದರು. “ನಾ ಏನ್ ಕಸಕೊಂಡಿಲ್ಲ. ಪುಸ್ತಕ ನನ್ನ ಹತ್ರ ಇದ್ರ ಮನಸ್ಸಿಟ್ಟು ಸೆಟ್ ಮಾಡ್ಲಿಕ್ಕೆ ಬರ್ತದ ಅಂದಿದ್ದೆ, ಅಷ್ಟ. ಆ ಖಾನೆದಾಗ ತೆಳು ಕಾಗದ ಅದ, ಕೈ ತೊಳಕೊಂಡು ತೊಗೊಂಬರ್ರಿ.”

ಕೈ ತೊಳೆದು ಖಾನೆ ಎಳೆದೆ. ತೆಳು ಜಪಾನಿ ಕಾಗದದ ಕಟ್ಟಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ಮುಚ್ಚಳದ ಮೇಲೆ ಶಾಂತವ್ವನ ಹೆಸರು. ಒಳಗೆ, ಚಿತ್ರಗಳಿಗೆ ಸುತ್ತುವ ಅದೇ ಕಾಗದದಲ್ಲಿ ಬೆಚ್ಚಗೆ ಸುತ್ತಿಟ್ಟ ಹಲ್ಲಿನ ಸೆಟ್ಟು. ಗುಲಾಬಿ ವಸಡು, ಬಿಳಿ ಹಲ್ಲು.

“ಇದು ಯಾವಾಗ ಆತ್ರಿ, ಸರ್?”

“ಅದಾ? ಅದು ದೀಪಾವಳಿಗೇ ತಯಾರಾಗಿತ್ತಲಾ. ನಾಳೆ ಮುಟ್ಟಸ್ತೀನಿ. ಆ ಕಾಗದ ಇತ್ಲಾಗ ಕೊಡ್ರಿ.”

ಅವರ ಧ್ವನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಇಟ್ಟದ್ದನ್ನು ಮರೆತವರ ಹಾಗೂ ಇರಲಿಲ್ಲ. ಪಾಕೀಟಿನಲ್ಲಿ ಹಾಲು ಉಳಿದಿದೆ, ನಾಳೆ ಕಾಯಿಸಿದರಾಯಿತು ಎಂದಷ್ಟು ಸಹಜವಾಗಿತ್ತು.

“ಆಕಿ ಅಂಬಲಿ ಕುಡಕೊಂಡು ಕುಂತಾಳ್ರಿ. ನಿಮಗ ಹೇಸಿಗಿ ಬರೂದಿಲ್ಲೇನ್ರಿ?”

“ಹೇಸಿಗಿ?” ರಾಯರು ಮೊದಲ ಸಲ ಸಿಟ್ಟಾದರು. “ಹೇಸಿಗಿ ಆಕಿ ಮನ್ಯಾಗ ಅದ. ಒಲಿ ಹೊಗಿ, ಹಿಟ್ಟು, ಎಣ್ಣಿ, ಇಲಿ. ಇನ್ನ ಸ್ವಲ್ಪ ವರ್ಷ ಬಿಟ್ರ ಇದು ಕಸ ಆಗ್ತಿತ್ತು. ನಾ ಉಳಿಸೀನಿ. ಆಕಿಗೆ ಹಲ್ಲು ಬಂದ್ವು, ಇದಕ್ಕ ಜೀವ ಬಂತು. ಯಾರಿಗೇನು ಲುಕ್ಸಾನ?”

ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡು ಎದ್ದೆ. ಅವರು ತಡೆಯಲಿಲ್ಲ, ಆಗಲೇ ಪುಟದ ಮೇಲೆ ಬಗ್ಗಿದ್ದರು. ಧಾರವಾಡದಿಂದ ಹಳೇ ಹುಬ್ಬಳ್ಳಿಯವರೆಗೆ ಆ ಡಬ್ಬಿ ತೊಡೆಯ ಮೇಲೆ ಲಟಲಟ ಸದ್ದು ಮಾಡುತ್ತಿತ್ತು.

ಶಾಂತವ್ವ ಸೆಟ್ಟನ್ನು ತೊಳೆದು ಬಾಯಿಗಿಟ್ಟುಕೊಂಡಳು. ಒಂದು ಮಾತಾಡುವುದರಲ್ಲಿ ಮೇಲಿನದು ಜಾರಿ ಕೆಳಗಿನದರ ಮೇಲೆ ಟಕ್ಕೆಂದು ಬಿತ್ತು. ಮತ್ತೆ ಒತ್ತಿಕೊಂಡಳು, ಮತ್ತೆ ಜಾರಿತು. ಅದು ದೀಪಾವಳಿಯ ಬಾಯಿಗೆ ಮಾಡಿದ್ದು. ಅಷ್ಟರಲ್ಲಿ ವಸಡು ಕರಗಿ ಬಾಯಿ ಬೇರೆಯೇ ಆಗಿತ್ತು. ನಾನು ಎಲ್ಲವನ್ನೂ ಹೇಳಿದೆ: ಡಬ್ಬಿ ಎಲ್ಲಿತ್ತು, ಎಂದಿನಿಂದ ಇತ್ತು. ಅವಳು ಅಳುತ್ತಾಳೆಂದುಕೊಂಡಿದ್ದೆ. ಶಾಂತವ್ವ ಒಲೆಯ ಬೆಂಕಿ ಹಿಂದಕ್ಕೆಳೆದು, ಹಂಚು ಇಳಿಸಿ, ಹೆಂಗಸರಿಗೆ ಬಾಗಿಲು ನೋಡಿಕೊಳ್ಳಿರೆಂದು ಹೇಳಿ, ಒಗೆದ ಸೀರೆ ಉಟ್ಟಳು. “ನಡಿ” ಎಂದಳು.

ನಾವು ಹೋದಾಗ ರಾಯರು ಕೋಣೆಯಲ್ಲೇ ಇದ್ದರು. ಶಾಂತವ್ವನ ಪುಸ್ತಕ ಕಪಾಟು ಸೇರಿತ್ತು. ಮೇಜಿನ ಮೇಲೆ ಅವರ ಜೀವವಾದ ಚಿತ್ರ ಹರಡಿತ್ತು: ಮುಸ್ಸಂಜೆಯ ಹೊಳೆ, ಒಂದೇ ದೋಣಿ, ಅಷ್ಟೂ ಆಕಾಶ ತೆಳ್ಳನೆಯ ನೀಲಿ. ಅದು ಒಂದು ಜಾತಿಯ ಹೂವಿನಿಂದ ತೆಗೆದ ಬಣ್ಣ, ಹನಿ ನೀರು ತಾಗಿದರೂ ಕರಗುತ್ತದೆ, ಉಸಿರನ್ನೂ ಬಿಗಿಹಿಡಿದು ನೋಡಬೇಕು ಎಂದು ನನಗೆ ಎಷ್ಟೋ ಸಲ ಹೇಳಿದ್ದರು.

ಶಾಂತವ್ವ ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಒಳಗೆ ಬಂದಳು. “ಡಾಕ್ಟ್ರ, ನನ್ನ ಪುಸ್ತಕ...” ಎನ್ನುವಷ್ಟರಲ್ಲಿ ಮೇಲಿನ ಸೆಟ್ಟು ಜಾರಿತು. ಬೈಯಲು ಬಾಯಿ ಬೇಕಿತ್ತು. ಎರಡೂ ಸೆಟ್ಟನ್ನು ಕಿತ್ತು ಕೈಗೆ ಸಿಕ್ಕಿದಲ್ಲಿ ಇಟ್ಟಳು. ಕೈಗೆ ಸಿಕ್ಕಿದ್ದು ಆ ಆಕಾಶ.

ರಾಯರು ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಎಂಜಲಾ! ಏ, ಎಂಜಲಾ! ತೆಗೀ ಅದನ್ನ!”

ಜೀವಮಾನವೆಲ್ಲ ಜನರ ಎಂಜಲಿನಲ್ಲಿ ಕೈಯಾಡಿಸಿ ಉಂಡ ಮನುಷ್ಯ! ಅವರು ಕೈ ಚಾಚಿದರು. ಅವರ ಮುಖ ನೋಡಿ ಶಾಂತವ್ವನಿಗೆ ಏನೋ ಹೊಳೆಯಿತು. ಸೆಟ್ಟಿನ ಮೇಲೆ ಅಂಗೈ ಒತ್ತಿ ಹಿಡಿದಳು.

“ಮುಟ್ಟೀರಿ ಅಂದ್ರ ಇಲ್ಲೇ ತಿಕ್ಕತೇನಿ ನೋಡ್ರಿ. ನನ್ನ ಪುಸ್ತಕ ಕೊಡ್ರಿ.” ಹಲ್ಲಿಲ್ಲದ ಬಾಯಿಯಿಂದ ಮಾತು ಉಗುಳಿನೊಂದಿಗೆ ಬರುತ್ತಿತ್ತು. ಈಗ ಅವಳು ಸೆರಗು ಅಡ್ಡ ಹಿಡಿಯಲಿಲ್ಲ.

“ಅವ್ವಾ, ಕೈ ಮುಗೀತೀನಿ, ಮೊದಲ ತೆಗೀರಿ. ಆ ಚಿತ್ರ ಏನಂತ ಗೊತ್ತಿಲ್ಲ ನಿಮಗ...”

“ನನ್ನ ಬಾಯಿ ಏನಂತ ನಿಮಗ ಗೊತ್ತಿತ್ತಲ್ರಿ!”

ಗುಲಾಬಿ ವಸಡಿನ ಸುತ್ತ ತೇವ ಹರಡಿ ಆಕಾಶದ ಅಂಚು ಮಸುಕಾಗುತ್ತಿತ್ತು. ಆ ಚಿತ್ರ ಏನು ಪಾಪ ಮಾಡಿತ್ತು? ಆದರೂ ನಾನು ಅಲುಗಾಡಲಿಲ್ಲ. ರಾಯರು ಕಣ್ಣಲ್ಲಿ ನೀರು ತಂದುಕೊಂಡರು. ಅಷ್ಟು ತಿಂಗಳು ಶಾಂತವ್ವನ ಒಳಸೇರಿದ ಗಲ್ಲ ನೋಡಿದಾಗ ಬಾರದ ನೀರು. “ನಳಿನೀ! ಕೊಡು ಆಕಿಗೆ, ಕೊಟ್ಟು ಬಿಡು!” ಎಂದು ಕೂಗಿದರು.

ಹೊಸ್ತಿಲಲ್ಲಿದ್ದ ವೈನಿ ಒಳಗೆ ಬಂದರು. ಆ ಕೋಣೆಯಲ್ಲಿ ಅವರನ್ನು ನಾನು ನೋಡಿದ್ದು ಅಂದೇ ಮೊದಲು. ಕಪಾಟು ತೆರೆದು, ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಶಾಂತವ್ವನಿಗೆ ಕೊಟ್ಟರು. “ಜೋಪಾನ ಇಟ್ಕೊಳ್ರಿ, ಅಕ್ಕಾ” ಎಂದರು. ಶಾಂತವ್ವ ಸೆಟ್ಟನ್ನು ಎತ್ತಿದಳು. ರಾಯರು ಹತ್ತಿ ತಂದು ಆ ತೇವದ ಮೇಲೆ ಬಗ್ಗಿದರು. ನಾವು ಹೊರಟದ್ದನ್ನೂ ಅವರು ನೋಡಲಿಲ್ಲ.

ಶಾಂತವ್ವನಿಗೆ ಹುಬ್ಬಳ್ಳಿಯ ಬೇರೊಬ್ಬ ಡಾಕ್ಟರು ಹೊಸ ಸೆಟ್ಟು ಮಾಡಿಕೊಟ್ಟರು. ಅದು ಕೂತಿತು. ಈಗಲೂ ರೊಟ್ಟಿ ಮಾರುತ್ತಾಳೆ, ಈಗ ಗಿರಾಕಿಗಳನ್ನು ಬಾಯ್ತುಂಬ ಬೈಯುತ್ತಾಳೆ. ಪುಸ್ತಕವನ್ನು ಒಲೆಯ ಮನೆಯಿಂದ ತೆಗೆಸಿ ಒಳಕೋಣೆಯ ಟ್ರಂಕಿನಲ್ಲಿ ಇಡಿಸಿದ್ದು ನಾನು. ಹೊಗೆಯ ವಿಷಯದಲ್ಲಿ ರಾಯರು ಹೇಳಿದ್ದು ಸರಿಯಿತ್ತು. ಎರಡು ಪುಟಗಳು ಆಗಲೇ ಕಂದಿದ್ದವು. ಆ ಮನುಷ್ಯ ಬರೀ ಸುಳ್ಳನಾಗಿದ್ದರೆ ಮರೆಯುವುದು ಎಷ್ಟು ಸುಲಭವಿತ್ತು.

ರಾಯರು ಹೋದ ವರ್ಷ ತೀರಿಕೊಂಡರು. ಚಿತ್ರಗಳನ್ನು ಅವರ ಅಣ್ಣನ ಮಗ ಮುಂಬೈಗೆ ಒಯ್ದನಂತೆ. ನಾನು ಹೋಗಲಿಲ್ಲ. ಅವರನ್ನು ಕೊನೆಯದಾಗಿ ಕಂಡದ್ದು ಅದಕ್ಕೂ ಮೊದಲು, ನಳಿನಿ ವೈನಿ ತೀರಿಕೊಂಡಾಗ. ಮಳೆಗಾಲದಲ್ಲಿ ಉಬ್ಬಸ ಹೆಚ್ಚಾಗಿ ದವಾಖಾನೆಗೆ ಒಯ್ಯುವ ಹಾದಿಯಲ್ಲೇ ಹೋಗಿಬಿಟ್ಟರಂತೆ. ವೈನಿಗಾಗಿ ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ನೆಂಟರು ಕೂತಿದ್ದರು. ರಾಯರು ಅವರ ನಡುವೆ ಇರಲಿಲ್ಲ. ಅವರನ್ನು ಹುಡುಕುತ್ತ ಒಳಗೆ ಹೋದರೆ ವೈನಿಯ ಮಂಚವನ್ನು ಆಗಲೇ ಮಡಚಿ ಗೋಡೆಗೆ ಆನಿಸಿದ್ದರು. ಬೂಸು ಹಿಡಿದ ಗೋಡೆಯ ಮೇಲೆ ಸೀಮೆಸುಣ್ಣದ ಹೊಸ ಗೆರೆಗಳಿದ್ದವು, ಚಿತ್ರಗಳ ಇನ್ನೊಂದು ಕಪಾಟಿನ ಅಳತೆಗೆ.

“ಆ ಗ್ವಾಡಿಗೆ ನೀರು ಹತ್ತದಂಗ ಸಿಮೆಂಟ್ ಗಿಲಾಯಿ ಮಾಡಸ್ಬೇಕು” ಎಂದು ರಾಯರು ಕೋಣೆಯೊಳಗಿನಿಂದ ಹೇಳಿದರು. “ಬರ್ರಿ ಅಕ್ಕಾವ್ರ. ಬಂದದ್ದು ಛಲೋ ಆತು.”

ಅವರ ಕೈಯಲ್ಲಿ ಆ ನೀಲಿ ಚಿತ್ರ. ಆಕಾಶದಲ್ಲಿ ಕುದುರೆಲಾಳದಂಥ ಬಿಳುಪು ಕಲೆ ಉಳಿದಿತ್ತು.

“ಕಡಿಮಿ ಆಗ್ಯದೇನು ನೋಡ್ರಿ. ನಿಮ್ಮ ಕಣ್ಣು ಶುದ್ಧ ಅವ, ನೀವು ಹೇಳ್ರಿ.”

“ವೈನಿ ಕಡೀಕ ಏನರ ಅಂದ್ರೇನ್ರಿ?” ಎಂದೆ.

“ಏನಂತಾಳ? ಉಸಿರ ಇರಲಿಲ್ಲ ಮಾತಾಡ್ಲಿಕ್ಕೆ.” ಚಿತ್ರವನ್ನು ಬೆಳಕಿಗೆ ಓರೆ ಮಾಡಿದರು. “ಈ ಕಡಿಂದ ನೋಡ್ರಿ, ಸ್ವಲ್ಪ ಮಾಸೇದ ಅನಸೂದಿಲ್ಲೇನು?”

ಯಂತ್ರ ಗುಂಯ್ ಎನ್ನುತ್ತಿತ್ತು. ಕೋಣೆಯ ಗಾಳಿ ಒಣಗಿ, ಹಗುರವಾಗಿ, ಉಸಿರಾಡಲು ಎಷ್ಟು ಹಿತವಾಗಿತ್ತೆಂದರೆ ನನಗೆ ಅಲ್ಲಿ ಒಂದು ಗಳಿಗೆಯೂ ನಿಲ್ಲಲಾಗಲಿಲ್ಲ. ಬಾಗಿಲ ಕಡೆಗೆ ನಡೆದೆ.

“ಅಕ್ಕಾವ್ರ,” ಎಂದು ರಾಯರು ಹಿಂದಿನಿಂದ ಕೂಗಿದರು, “ಬಾಗಲಾ ಹಾಕ್ಕೊಂಡು ಹೋಗ್ರಿ. ಮಂದಿ ಬರ್ಲಿಕತ್ತಾರ, ಧೂಳಾ ಒಳಗ ಬರ್ತದ.”

ನಾನು ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದಿಟ್ಟು ಬಂದೆ.